ಸ್ವಲ್ಪ ತಡೆಯಿರಿ, ಕಂಪ್ಯೂಟರ್ ಮಲಗಿ ಏಳುತ್ತಿದೆ!

ಕಳೆದ ತಿಂಗಳ ಒಂದು ರಾತ್ರಿ. ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಗಂಟೆ ಹತ್ತು ದಾಟಿತ್ತು. ಯಾರೋ ಬಾಗಿಲು ಬಡಿದರು. ತೆರೆದರೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ, ಅವಳ ಹಿಂದೆ ಅವಳ ತಂದೆ. ಹುಡುಗಿ ಎರಡನೆಯ ಪಿಯುಸಿ. ಕಣ್ಣಲ್ಲಿ ನೀರು ತುಂಬಿತ್ತು.

"ಅಂಕಲ್, ನಿಮ್ಮ ಕಂಪ್ಯೂಟರ್ ಒಂದು ಗಂಟೆ ಕೊಡ್ತೀರಾ?"

ವಿಷಯ ಇಷ್ಟೆ. ಒಂದು ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ನಡುರಾತ್ರಿ ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆ. ಹುಡುಗಿ ಸಂಜೆಯಿಂದ ಕುಳಿತು ನಾಲ್ಕು ಪುಟ ತುಂಬಿದ್ದಾಳೆ. ಫೋಟೊ, ಸಹಿ ಎಲ್ಲವನ್ನೂ ಅವರು ಹೇಳಿದ ಅಳತೆಗೆ ಇಳಿಸಿದ್ದಾಳೆ. ಇನ್ನು ಹಣ ಕಟ್ಟಿ ಸಲ್ಲಿಸುವುದೊಂದು ಬಾಕಿ. ಅಮ್ಮ ಊಟಕ್ಕೆ ಕರೆದರೆಂದು ಎದ್ದು ಹೋಗಿ ಬಂದರೆ, ಪರದೆಯ ಮೇಲೆ ಅರ್ಜಿಯೂ ಇಲ್ಲ, ಏನೂ ಇಲ್ಲ. ಉರುಟಾಗಿ ಸುತ್ತುವ ಚುಕ್ಕೆಗಳು, ಕೆಳಗೆ 'ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರನ್ನು ಆರಿಸಬೇಡಿ' ಎಂಬ ಸೂಚನೆ. ಶೇಕಡಾ 27ಕ್ಕೆ ಬಂದು ನಿಂತ ಅಂಕಿ ಅರ್ಧ ಗಂಟೆಯಾದರೂ ಕದಲಿಲ್ಲ.

ಅಂಕಪಟ್ಟಿಯ ಪ್ರತಿ ಆ ಕಂಪ್ಯೂಟರಿನಲ್ಲೇ ಸಿಕ್ಕಿಕೊಂಡಿತ್ತು. ಅವಳ ತಾಯಿ ಬೀರುವಿನಿಂದ ಮೂಲ ಪ್ರತಿ ಹುಡುಕಿ ತಂದರು. ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ನಾಲ್ಕೂ ಪುಟಗಳನ್ನು ಮತ್ತೆ ಮೊದಲಿನಿಂದ ತುಂಬಿ, ಹುಡುಗಿ ಅರ್ಜಿ ಸಲ್ಲಿಸಿದಾಗ ಗಂಟೆ ಹನ್ನೊಂದು ನಲವತ್ತು. ಎಲ್ಲರೂ ಉಸಿರು ಬಿಟ್ಟೆವು. ಹೊರಡುವಾಗ ಅವಳ ತಂದೆ ಮೆಟ್ಟಿಲ ಮೇಲೆ ನಿಂತು ಕೇಳಿದರು: "ಸಾರ್, ನಾವು ದುಡ್ಡು ಕೊಟ್ಟು ತಂದ ಯಂತ್ರ. ನಮ್ಮನ್ನು ಒಂದು ಮಾತೂ ಕೇಳದೆ ಅದು ಯಾಕೆ ಮಲಗಿ ಏಳಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ನೋಡಿದಾಗ ಕಥೆಯ ಇನ್ನರ್ಧ ಹೊರಬಿತ್ತು. ಯಂತ್ರ ಕೇಳಿರಲಿಲ್ಲ ಎಂದಲ್ಲ. ಮೂರು ವಾರಗಳಿಂದ ಕೇಳುತ್ತಲೇ ಇತ್ತು. "ಪ್ರತಿ ಸಲ 'ನಂತರ ನೆನಪಿಸು' ಅಂತ ಒತ್ತಿಬಿಡ್ತಿದ್ದೆ ಅಂಕಲ್. ಟೆಸ್ಟ್ ಇತ್ತಲ್ಲ" ಎಂದಳು ಹುಡುಗಿ, ತಲೆ ತಗ್ಗಿಸಿ.

ತಂದೆಯದೂ ತಪ್ಪಿಲ್ಲ, ಯಂತ್ರದ್ದೂ ಪೂರ್ತಿ ತಪ್ಪಲ್ಲ. ಹಾಗಿದ್ದರೆ ಅಪ್‌ಡೇಟ್ ಆದಾಗಲೆಲ್ಲ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಲೇಬೇಕೆ? ಮಾಡಬೇಕಾದರೆ ಅದರ ಹೊತ್ತನ್ನು ಯಾರು ಗೊತ್ತುಮಾಡಬೇಕು? ಈ ವಾರ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಕಂಪ್ಯೂಟರಿನ ಒಳಗೆ ನಡೆಯುವುದೇನು ಎಂದು ತಿಳಿಯಬೇಕು. ನಿಮ್ಮ ಮನೆಯಲ್ಲಿ ಪುಸ್ತಕಗಳ ಒಂದು ಬೀರು ಇದೆ, ಓದಲು ಒಂದು ಮೇಜಿದೆ ಎಂದುಕೊಳ್ಳಿ. ಹಾರ್ಡ್ ಡಿಸ್ಕ್ ಎಂಬುದು ಬೀರು. ವಿದ್ಯುತ್ ಹೋದರೂ ಅದರಲ್ಲಿದ್ದದ್ದು ಅಲ್ಲೇ ಇರುತ್ತದೆ. ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿ ಮೇಜಿನ ಹಾಗೆ. ನೀವು ಯಾವುದೇ ತಂತ್ರಾಂಶವನ್ನು ತೆರೆದಾಗ ಅದರ ನಕಲು ಬೀರುವಿನಿಂದ ಮೇಜಿಗೆ ಬರುತ್ತದೆ. ಕಂಪ್ಯೂಟರ್ ಕೆಲಸ ಮಾಡುವುದು ಮೇಜಿನ ಮೇಲಿರುವ ನಕಲನ್ನು ನೋಡಿಕೊಂಡು.

ಈಗ ಪುಸ್ತಕದಲ್ಲಿ ತಪ್ಪೊಂದು ಇದೆಯೆಂದು ಪ್ರಕಾಶಕರು ತಿದ್ದಿದ ಹೊಸ ಪ್ರತಿ ಕಳಿಸಿದರು. ನೀವು ಅದನ್ನು ಬೀರುವಿನಲ್ಲಿ ಇಟ್ಟಿರಿ. ಆದರೆ ಮೇಜಿನ ಮೇಲೆ ತೆರೆದಿರುವುದು ಹಳೆಯ ಪ್ರತಿಯೇ ತಾನೆ? ಅದನ್ನು ಮುಚ್ಚಿ, ಹೊಸದನ್ನು ತಂದು ತೆರೆಯುವವರೆಗೆ ನೀವು ಓದುತ್ತಿರುವುದು ಹಳೆಯ ತಪ್ಪನ್ನೇ. ಸಾಮಾನ್ಯ ತಂತ್ರಾಂಶಗಳ ವಿಷಯದಲ್ಲಿ ಇದು ದೊಡ್ಡ ಕಷ್ಟವಲ್ಲ. ಬ್ರೌಸರನ್ನೋ ಪದಸಂಸ್ಕಾರಕವನ್ನೋ ಒಮ್ಮೆ ಮುಚ್ಚಿ ತೆರೆದರೆ ಸಾಕು. ಅದಕ್ಕಾಗಿ ಇಡೀ ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಬೇಕಿಲ್ಲ.

ಕಷ್ಟ ಇರುವುದು ಕಾರ್ಯಾಚರಣ ವ್ಯವಸ್ಥೆಯಲ್ಲಿ. ವಿಂಡೋಸ್, ಲಿನಕ್ಸ್ ಮುಂತಾದ ಈ ವ್ಯವಸ್ಥೆಗಳ ತಿರುಳಿಗೆ ಕರ್ನೆಲ್ ಎಂದು ಹೆಸರು. ಕೀಲಿಮಣೆಯಲ್ಲಿ ಒತ್ತಿದ್ದನ್ನು ಪರದೆಗೆ ತರುವುದು, ಯಾವ ತಂತ್ರಾಂಶಕ್ಕೆ ಎಷ್ಟು ಸ್ಮೃತಿ ಎಂದು ಹಂಚುವುದು ಎಲ್ಲವೂ ಅದರ ಉಸ್ತುವಾರಿ. ಕಂಪ್ಯೂಟರ್ ಎಚ್ಚರವಾಗಿರುವಷ್ಟು ಹೊತ್ತೂ ಅದು ಮೇಜಿನ ಮೇಲೆ ಇರಲೇಬೇಕು. ಅದನ್ನು ಮುಚ್ಚಿ ತೆರೆಯುವುದೆಂದರೆ ಕಂಪ್ಯೂಟರನ್ನೇ ಮುಚ್ಚಿ ತೆರೆಯುವುದು. ನಾವು ನಿಂತಿರುವ ಏಣಿಯ ಮೆಟ್ಟಿಲನ್ನು ನಾವೇ ಬದಲಾಯಿಸುವುದು ಹೇಗೆ? ಒಮ್ಮೆ ಕೆಳಗೆ ಇಳಿಯಲೇಬೇಕು.

ಇದರ ಜೊತೆಗೆ ವಿಂಡೋಸಿನದು ಇನ್ನೊಂದು ಪದ್ಧತಿ. ಬಳಕೆಯಲ್ಲಿರುವ ಕಡತಕ್ಕೆ ಅದು ಬೀಗ ಹಾಕಿಬಿಡುತ್ತದೆ. ಒಂದು ತಂತ್ರಾಂಶ ಓಡುತ್ತಿರುವಾಗ ಬೀರುವಿನಲ್ಲಿರುವ ಅದರ ಮೂಲ ಪ್ರತಿಯನ್ನು ಇನ್ನೊಬ್ಬರು ಸಾಮಾನ್ಯವಾಗಿ ಬದಲಾಯಿಸುವ ಹಾಗಿಲ್ಲ. ಆದ್ದರಿಂದ ಅಪ್‌ಡೇಟ್ ಬಂದಾಗ 'ಮುಂದಿನ ಬಾರಿ ಏಳುವಾಗ ಇವಿಷ್ಟನ್ನು ಬದಲಾಯಿಸು' ಎಂದು ಒಂದು ಪಟ್ಟಿ ಬರೆದಿಡಲಾಗುತ್ತದೆ. ಕಂಪ್ಯೂಟರ್ ಮಲಗಿ ಏಳುವಾಗ, ಇನ್ನೂ ಯಾರೂ ಕಡತಗಳನ್ನು ಹಿಡಿದುಕೊಳ್ಳುವ ಮೊದಲೇ ಆ ಪಟ್ಟಿಯಂತೆ ಬದಲಾವಣೆ ನಡೆಯುತ್ತದೆ. ಪರದೆಯ ಮೇಲೆ ಶೇಕಡಾ 27 ಎಂದು ನಿಂತಿದ್ದಾಗ ಹುಡುಗಿಯ ಮನೆಯಲ್ಲಿ ನಡೆಯುತ್ತಿದ್ದದ್ದು ಇಂಥದ್ದೇ ಕೆಲಸ.

ಯುನಿಕ್ಸ್ ಮತ್ತು ಅದರ ದಾರಿ ಹಿಡಿದ ಲಿನಕ್ಸ್‌ನಲ್ಲಿ ಪದ್ಧತಿ ಬೇರೆ. ಅಲ್ಲಿ ಕಡತದ ಹೆಸರು ಬೇರೆ, ಕಡತದ ಒಡಲು ಬೇರೆ. ಹಳೆಯ ಒಡಲಿನಿಂದ ಹೆಸರನ್ನು ಕಿತ್ತು ಹೊಸ ಒಡಲಿಗೆ ಅಂಟಿಸಬಹುದು. ಹಳೆಯದನ್ನು ಬಳಸುತ್ತಿದ್ದವರು ಬಳಸುತ್ತಲೇ ಇರುತ್ತಾರೆ. ಕೊನೆಯವನು ಕೈಬಿಟ್ಟ ಮೇಲೆ ಅದು ತಾನಾಗಿ ಅಳಿಯುತ್ತದೆ. ಹೀಗಾಗಿ ಲಿನಕ್ಸ್‌ನಲ್ಲಿ ಬಹಳಷ್ಟು ಅಪ್‌ಡೇಟ್‌ಗಳು ಕೆಲಸ ನಿಲ್ಲಿಸದೆ ನಡೆದುಹೋಗುತ್ತವೆ.

ಹಾಗಾದರೆ ಇದೇ ಒಳ್ಳೆಯದಲ್ಲವೆ ಎಂದು ಕೇಳುವಿರಿ. ಅನುಕೂಲಕ್ಕೆ ಒಳ್ಳೆಯದು, ಒಪ್ಪೋಣ. ಆದರೆ ಇದರಲ್ಲೊಂದು ಮೋಸವೂ ಇದೆ. 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬೆಳಕಿಗೆ ಬಂತು. ಅಂತರಜಾಲದಲ್ಲಿ ಗುಟ್ಟಾಗಿ ಮಾಹಿತಿ ಸಾಗಿಸಲು ಬಳಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿದ್ದ ತಪ್ಪು ಅದು. ಅದರ ಮೂಲಕ ಹೊರಗಿನವರು ಸರ್ವರ್‌ಗಳ ಸ್ಮೃತಿಯಲ್ಲಿದ್ದ ಪಾಸ್‌ವರ್ಡ್‌ಗಳನ್ನೂ ಗುಪ್ತ ಕೀಲಿಗಳನ್ನೂ ಕದಿಯಬಹುದಿತ್ತು. ತಿದ್ದಿದ ಪ್ರತಿ ಬೇಗನೆ ಬಂತು. ಆದರೆ ಅದನ್ನು ಹಾಕಿಕೊಂಡಷ್ಟಕ್ಕೆ ಸುರಕ್ಷಿತರಾಗುವಂತಿರಲಿಲ್ಲ. ಮೇಜಿನ ಮೇಲಿದ್ದ ಹಳೆಯ ಪ್ರತಿಯನ್ನು ಹಿಡಿದು ಓಡುತ್ತಿದ್ದ ಪ್ರತಿಯೊಂದು ಸೇವೆಯನ್ನೂ ಹುಡುಕಿ ಮುಚ್ಚಿ ತೆರೆಯಬೇಕಿತ್ತು. ಒಂದನ್ನು ಮರೆತರೂ ಬಾಗಿಲು ತೆರೆದಂತೆಯೇ. 'ಅಪ್‌ಡೇಟ್ ಆಗಿದೆ' ಎಂದು ಬೀರು ಹೇಳುತ್ತದೆ, ಮೇಜು ಬೇರೆ ಕಥೆ ಹೇಳುತ್ತದೆ. ಇಂಥ ಕಡೆ ರೀಸ್ಟಾರ್ಟ್ ಎಂಬುದು ಕಿರುಕುಳವಲ್ಲ. ಹಳೆಯದು ಎಲ್ಲೂ ಉಳಿದಿಲ್ಲ ಎಂಬ ಖಾತರಿ.

ಮಲಗಿ ಏಳದಿರುವುದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಚರಿತ್ರೆಯಲ್ಲಿ ಬಹಳ ದುಃಖದ ಒಂದು ಉದಾಹರಣೆ ಇದೆ. ಗಣಿತ ಓದುವ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು.

1991ರ ಕೊಲ್ಲಿ ಯುದ್ಧ. ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಸೈನಿಕರ ಬಿಡಾರ. ಇರಾಕ್ ಹಾರಿಸುವ ಸ್ಕಡ್ ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆಯಲು ಪೇಟ್ರಿಯಟ್ ಎಂಬ ಕ್ಷಿಪಣಿ ವ್ಯವಸ್ಥೆಯನ್ನು ಅಲ್ಲಿ ನಿಲ್ಲಿಸಿದ್ದರು. ಅದರ ಕಂಪ್ಯೂಟರ್ ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಹೊತ್ತನ್ನು ಎಣಿಸುತ್ತಿತ್ತು. ನಮಗೆ 1/10 ಎಂದರೆ 0.1, ಅಲ್ಲಿಗೆ ಮುಗಿಯಿತು. ಆದರೆ ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಅದು, ನಮ್ಮ ಲೆಕ್ಕದಲ್ಲಿ 1/3 ಎಂದರೆ 0.3333 ಎಂದು ಮುಗಿಯದೆ ಹೋಗುವ ಹಾಗೆ, ಮುಗಿಯದ ಸಂಖ್ಯೆ. ಪೇಟ್ರಿಯಟ್‌ನಲ್ಲಿ 24 ಬಿಟ್‌ಗಳಿಗೆ ಅದನ್ನು ಕತ್ತರಿಸಿದ್ದರು. ಪ್ರತಿ ಎಣಿಕೆಗೆ ಆಗುವ ತಪ್ಪು ಸುಮಾರು 0.000000095 ಸೆಕೆಂಡು. ಇಷ್ಟರಿಂದ ಏನಾದೀತು?

ಲೆಕ್ಕ ಹಾಕಿ ನೋಡಿ. ಫೆಬ್ರುವರಿ 25ರಂದು ಧಹ್ರಾನ್‌ನ ಆ ವ್ಯವಸ್ಥೆ ಬಿಡುವಿಲ್ಲದೆ 100 ಗಂಟೆಗೂ ಹೆಚ್ಚು ಕಾಲದಿಂದ ಓಡುತ್ತಿತ್ತು. 100 ಗಂಟೆಗೆ 36 ಲಕ್ಷ ಎಣಿಕೆ. ಗುಣಿಸಿದರೆ ಸುಮಾರು 0.34 ಸೆಕೆಂಡು. ಸ್ಕಡ್ ಕ್ಷಿಪಣಿ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬರುತ್ತದೆ. ಎಂದರೆ ಪೇಟ್ರಿಯಟ್ ಕಣ್ಣಿಟ್ಟಿದ್ದ ಜಾಗಕ್ಕೂ ಕ್ಷಿಪಣಿ ನಿಜವಾಗಿ ಇದ್ದ ಜಾಗಕ್ಕೂ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಅಂತರ. ಅದು ನೋಡಿದ ಕಡೆ ಏನೂ ಕಾಣಲಿಲ್ಲ. ಸ್ಕಡ್ ಬಂದು ಬಿಡಾರದ ಮೇಲೆ ಬಿತ್ತು. 28 ಸೈನಿಕರು ಸತ್ತರು.

ನೋವಿನ ಸಂಗತಿ ಮುಂದಿದೆ. ಈ ದೋಷ ಮೊದಲೇ ಪತ್ತೆಯಾಗಿತ್ತು. ಇಸ್ರೇಲಿನವರು ಎರಡು ವಾರ ಮುಂಚೆಯೇ ಅಂಕಿಅಂಶ ಸಹಿತ ತಿಳಿಸಿದ್ದರು. ತಿದ್ದಿದ ತಂತ್ರಾಂಶ ಫೆಬ್ರುವರಿ 16ರಂದೇ ತಯಾರಾಗಿತ್ತು. ಯುದ್ಧಕಾಲದ ಸಾಗಾಟದಲ್ಲಿ ಅದು ಧಹ್ರಾನ್ ತಲುಪಿದ್ದು ಫೆಬ್ರುವರಿ 26ರಂದು, ಎಂದರೆ ದುರಂತ ನಡೆದ ಮರುದಿನ. ನಡುವೆ, ಫೆಬ್ರುವರಿ 21ರಂದು, 'ಬಹಳ ಹೊತ್ತು ಓಡಿಸಿದರೆ ಗುರಿ ತಪ್ಪಬಹುದು' ಎಂದು ಒಂದು ಸೂಚನೆ ಹೋಗಿತ್ತು. ಬಹಳ ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಅದರಲ್ಲಿ ಬರೆದಿರಲಿಲ್ಲ. ಆ ವ್ಯವಸ್ಥೆಯನ್ನು ಒಮ್ಮೆ ಆರಿಸಿ ಹೊತ್ತಿಸಿದ್ದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಒಂದೆರಡು ನಿಮಿಷದ ಕೆಲಸ. ಅದನ್ನು ಯಾವಾಗ ಮಾಡಬೇಕೆಂದು ಸ್ಪಷ್ಟವಾಗಿ ಹೇಳುವವರು ಇರಲಿಲ್ಲ.

ಮುಂದೂಡುವುದರ ಬೆಲೆಗೆ ಹತ್ತಿರದ ಉದಾಹರಣೆಯೂ ಇದೆ. 2017ರ ಮೇ 12ರಂದು 'ವಾನ್ನಾಕ್ರೈ' ಎಂಬ ಪಿಡುಗು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳ ಬಿಡುವಿತ್ತು. 'ನಂತರ ನೆನಪಿಸು' ಎಂದವರು ಎಷ್ಟು ಮಂದಿಯೋ!

ಇಷ್ಟೆಲ್ಲ ಕೇಳಿದ ಮೇಲೆ ರೀಸ್ಟಾರ್ಟ್ ಬೇಕೇ ಬೇಕು ಎಂದು ತೀರ್ಪು ಕೊಡಬಹುದು ಅನ್ನಿಸುತ್ತದೆ. ತಡೆಯಿರಿ. ಜನ ಮುಂದೂಡುವುದು ಏಕೆ? ರೀಸ್ಟಾರ್ಟ್‌ಗೆ ಹೆದರಿ. ಆ ಹೆದರಿಕೆಯನ್ನೇ ತೆಗೆದುಹಾಕಿದರೆ ಅಪ್‌ಡೇಟ್ ಕೂಡಲೇ ಆಗುತ್ತದೆ, ಅಪಾಯವೂ ಕಡಿಮೆಯಾಗುತ್ತದೆ ಎಂದು ವಾದಿಸುವವರಿದ್ದಾರೆ. ಅವರ ವಾದಕ್ಕೂ ಹಳೆಯ ಬೇರು ಇದೆ.

ಆ ಬೇರು ದೂರವಾಣಿ ಕೇಂದ್ರದಲ್ಲಿದೆ. ಟೆಲಿಫೋನ್ ಎಕ್ಸ್‌ಚೇಂಜನ್ನು 'ಸ್ವಲ್ಪ ತಡೆಯಿರಿ, ಮಲಗಿ ಏಳುತ್ತೇವೆ' ಎಂದು ನಿಲ್ಲಿಸಲಾಗದು. ಆ ಹೊತ್ತಿಗೇ ಯಾರೋ ಅಗ್ನಿಶಾಮಕ ದಳಕ್ಕೆ, ಯಾರೋ ವೈದ್ಯರಿಗೆ ಫೋನ್ ಮಾಡುತ್ತಿರುತ್ತಾರೆ. 1980ರ ದಶಕದಲ್ಲಿ ಎಕ್ಸ್‌ಚೇಂಜುಗಳು ಕಂಪ್ಯೂಟರುಗಳಾಗಿ ಬದಲಾಗುತ್ತಿದ್ದವು. ನಮ್ಮಲ್ಲೂ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅದೇ 1986ರ ಸುಮಾರಿಗೆ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಎಕ್ಸ್‌ಚೇಂಜುಗಳಿಗಾಗಿ ಎರ್ಲಾಂಗ್ ಎಂಬ ಹೊಸ ಕಂಪ್ಯೂಟರ್ ಭಾಷೆಯನ್ನು ಕಟ್ಟತೊಡಗಿದರು. ಅದರ ವೈಶಿಷ್ಟ್ಯವೆಂದರೆ ಓಡುತ್ತಿರುವ ತಂತ್ರಾಂಶದ ಒಂದು ತುಣುಕನ್ನು ನಿಲ್ಲಿಸದೆಯೇ ಬದಲಾಯಿಸಬಹುದು. ಈಗಾಗಲೇ ನಡೆಯುತ್ತಿರುವ ಕರೆ ಹಳೆಯ ತುಣುಕಿನಲ್ಲೇ ಮುಗಿಯುತ್ತದೆ, ಹೊಸ ಕರೆ ಹೊಸ ತುಣುಕಿನಲ್ಲಿ ಶುರುವಾಗುತ್ತದೆ. ಕಟ್ಟುವಾಗಲೇ ಹೀಗೆ ಯೋಚಿಸಿ ಕಟ್ಟಿದರೆ ಮಲಗಿ ಏಳುವುದನ್ನು ತಪ್ಪಿಸಬಹುದು ಎಂಬುದಕ್ಕೆ ಇದು ಸಾಕ್ಷಿ.

ಆದರೆ ಹಾಗೆ ಯೋಚಿಸದೆ ಕಟ್ಟಿದ ವ್ಯವಸ್ಥೆಗಳ ಗತಿ? ಅಮೆರಿಕದ ಎಂಐಟಿಯಲ್ಲಿ ಜೆಫ್ ಅರ್ನಾಲ್ಡ್ ಎಂಬ ವಿದ್ಯಾರ್ಥಿ ಇದ್ದ. ಅವನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್‌ಗೆ ಅಪ್‌ಡೇಟ್ ಬಂತು. ರೀಸ್ಟಾರ್ಟ್ ಮಾಡಿದರೆ ಬಳಸುವವರಿಗೆಲ್ಲ ತೊಂದರೆ, ಅನುಕೂಲದ ಹೊತ್ತು ನೋಡಿ ಮಾಡೋಣವೆಂದು ಮುಂದೂಡಿದ. ಅಷ್ಟರೊಳಗೆ ಯಾರೋ ಅದೇ ಕಿಂಡಿಯಿಂದ ಒಳನುಗ್ಗಿಬಿಟ್ಟರು. ನಮ್ಮ ಬೀದಿಯ ಹುಡುಗಿಯದೇ ಕಥೆ! ಅವನು ಅಷ್ಟಕ್ಕೇ ಬಿಡಲಿಲ್ಲ. ಓಡುತ್ತಿರುವ ಲಿನಕ್ಸ್ ಕರ್ನೆಲ್ಲಿಗೇ ತೇಪೆ ಹಾಕುವ ಉಪಾಯವನ್ನು ತನ್ನ ಸಂಶೋಧನೆಯ ವಿಷಯವನ್ನಾಗಿ ಮಾಡಿಕೊಂಡ. 'ಕೆಸ್‌ಪ್ಲೈಸ್' ಎಂದು ಅದರ ಹೆಸರು.

ಉಪಾಯ ಕೇಳಿದರೆ ಸರಳ. ರಸ್ತೆ ಅಗೆದಿರುವ ಕಡೆ 'ಕಾಮಗಾರಿ ನಡೆಯುತ್ತಿದೆ, ಬದಲಿ ಮಾರ್ಗದಲ್ಲಿ ಚಲಿಸಿ' ಎಂಬ ಹಲಗೆ ನೋಡಿದ್ದೀರಲ್ಲ? ತಪ್ಪಿರುವ ಹಳೆಯ ತುಣುಕಿನ ಬಾಯಲ್ಲಿ ಅಂಥದೊಂದು ಹಲಗೆ ನೆಡುವುದು. ಅಲ್ಲಿಗೆ ಬಂದ ಕೆಲಸ ನೇರ ಹೊಸ ತುಣುಕಿಗೆ ತಿರುಗಿ ಹೋಗುತ್ತದೆ. ಒಂದೇ ಎಚ್ಚರಿಕೆ, ಹಲಗೆ ನೆಡುವ ಕ್ಷಣದಲ್ಲಿ ಆ ಹಳೆಯ ರಸ್ತೆಯ ನಡುವೆ ಯಾರೂ ಇರಬಾರದು. 2005ರ ಮೇ ತಿಂಗಳಿನಿಂದ 2008ರ ಮೇವರೆಗೆ ಲಿನಕ್ಸ್ ಕರ್ನೆಲ್ಲಿನಲ್ಲಿ ಕಂಡ 64 ಮುಖ್ಯ ಭದ್ರತಾ ದೋಷಗಳ ಮೇಲೆ ಇದನ್ನು ಪರೀಕ್ಷಿಸಿದರು. 56ಕ್ಕೆ ಏನೂ ಹೆಚ್ಚಿನ ಶ್ರಮವಿಲ್ಲದೆ ತೇಪೆ ಬಿತ್ತು. ಉಳಿದ 8ಕ್ಕೆ ತಜ್ಞರು ಕೈಯಾರೆ ಇನ್ನಷ್ಟು ಸಾಲುಗಳನ್ನು ಬರೆದುಕೊಡಬೇಕಾಯಿತು. 2015ರಲ್ಲಿ ಬಂದ ಲಿನಕ್ಸ್ 4.0ರಲ್ಲಿ ಈ ಬಗೆಯ ತೇಪೆಗೆ ಬೇಕಾದ ಸೌಕರ್ಯ ಮೂಲದಲ್ಲೇ ಸೇರಿತು. 2025ರ ಏಪ್ರಿಲ್‌ನಿಂದ ಮೈಕ್ರೋಸಾಫ್ಟ್ ಕೂಡ ದೊಡ್ಡ ಸಂಸ್ಥೆಗಳಿಗೆ ಮಾರುವ ವಿಂಡೋಸ್ 11ರಲ್ಲಿ 'ಹಾಟ್‌ಪ್ಯಾಚ್' ಎಂದು ಇದನ್ನು ಕೊಡತೊಡಗಿತು. ತಿಂಗಳಿಗೊಂದರಂತೆ ವರ್ಷಕ್ಕೆ 12 ಬಾರಿ ಆಗುತ್ತಿದ್ದ ರೀಸ್ಟಾರ್ಟ್ ನಾಲ್ಕಕ್ಕೆ ಇಳಿಯುತ್ತದೆ. ಗಮನಿಸಿ, ನಾಲ್ಕಕ್ಕೆ. ಸೊನ್ನೆಗಲ್ಲ. ತೇಪೆಯ ಮೇಲೆ ತೇಪೆ ಹಾಕುತ್ತ ಹೋದ ಕೌದಿಯನ್ನು ಒಂದು ದಿನ ಬಿಚ್ಚಿ ಹೊಸದಾಗಿ ಹೊಲಿಯಲೇಬೇಕು.

ರೀಸ್ಟಾರ್ಟ್ ಇಲ್ಲದ ಅಪ್‌ಡೇಟ್ ಎಂದರೆ ಅಪಾಯವಿಲ್ಲದ ಅಪ್‌ಡೇಟ್ ಎಂದೂ ಭಾವಿಸಬೇಡಿ. 2024ರ ಜುಲೈ 19 ನೆನಪಿದೆಯೆ? ಅಂದು ಬೆಳಿಗ್ಗೆ ಭಾರತೀಯ ಕಾಲಮಾನ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಚಿಕ್ಕ ಕಡತವನ್ನು ಕಳಿಸಿತು. ಯಾರನ್ನೂ ಕೇಳುವಂತಿರಲಿಲ್ಲ, ಮಲಗಿ ಏಳುವ ಅಗತ್ಯವೂ ಇರಲಿಲ್ಲ. ಕಡತ ಬಂದ ಕೂಡಲೇ ಜಾರಿಗೆ. ಆದರೆ ಅದರಲ್ಲಿ 21 ಅಂಶಗಳಿಗೆ ಲೆಕ್ಕ ಇತ್ತು, ಓದುವ ತಂತ್ರಾಂಶದ ಬಳಿ ಇದ್ದದ್ದು 20. ಇಲ್ಲದ 21ನೆಯದನ್ನು ಹುಡುಕಲು ಹೋಗಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಮಕಾಡೆ ಮಲಗಿದವು. ಬೆಂಗಳೂರು ಸೇರಿದಂತೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಉದ್ದುದ್ದ ಸಾಲು. ವಿಮಾನ ಹತ್ತುವ ಚೀಟಿಯನ್ನು ಸಿಬ್ಬಂದಿ ಪೆನ್ನಿನಲ್ಲಿ ಬರೆದುಕೊಟ್ಟದ್ದನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು. ಕಂಪನಿ 78 ನಿಮಿಷದಲ್ಲಿ ಕಡತವನ್ನು ಹಿಂತೆಗೆದುಕೊಂಡಿತು. ಆದರೆ ಬಿದ್ದ ಯಂತ್ರಗಳು ಏಳಲು ಹೋಗಿ ಮತ್ತೆ ಬೀಳುತ್ತಿದ್ದವು. ಅನೇಕ ಕಡೆ ತಂತ್ರಜ್ಞರು ಒಂದೊಂದು ಯಂತ್ರದ ಮುಂದೂ ಹೋಗಿ ಕುಳಿತು ಆ ಕಡತವನ್ನು ಅಳಿಸಬೇಕಾಯಿತು.

ಹಾಗಾದರೆ ತೀರ್ಪೇನು? ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸಾಮಾನ್ಯ ತಂತ್ರಾಂಶಗಳು ತಮ್ಮ ಅಪ್‌ಡೇಟ್‌ಗಾಗಿ ಇಡೀ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಎನ್ನುವುದು ಸೋಮಾರಿತನ. ಕಾರ್ಯಾಚರಣ ವ್ಯವಸ್ಥೆಗೆ ಆಗಾಗ ರೀಸ್ಟಾರ್ಟ್ ಬೇಕಾಗುತ್ತದೆ, ಅದನ್ನು ಒಪ್ಪಿಕೊಳ್ಳೋಣ. ಆದರೆ ರೀಸ್ಟಾರ್ಟ್ ಎಂದರೆ ಮುಕ್ಕಾಲು ಗಂಟೆಯ ಉಪವಾಸ ಆಗಬೇಕಿಲ್ಲ. ಇದಕ್ಕೆ ನಿಮ್ಮ ಕೈಯಲ್ಲಿರುವ ಮೊಬೈಲೇ ಸಾಕ್ಷಿ ಹೇಳೀತು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಹಲವು ಫೋನುಗಳಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿಗೆ ಜಾಗ ಇರುತ್ತದೆ. ತರಗತಿಯಲ್ಲಿ ಎರಡು ಕರಿಹಲಗೆ ಇದ್ದ ಹಾಗೆ. ನೀವು ಒಂದರಲ್ಲಿ ಓದುತ್ತಿರುವಾಗಲೇ ಇನ್ನೊಂದರಲ್ಲಿ ಹೊಸ ಪಾಠ ಬರೆದು ಮುಗಿಸುತ್ತದೆ. ರೀಸ್ಟಾರ್ಟ್ ಮಾಡಿದಾಗ ಹಲಗೆ ಬದಲಾಗುತ್ತದೆ, ಅಷ್ಟೆ. ಹೊಸದು ಎದ್ದು ನಿಲ್ಲದಿದ್ದರೆ ಹಳೆಯದಕ್ಕೆ ಮರಳುವ ದಾರಿಯೂ ಇರುತ್ತದೆ.

ಇನ್ನು ಹೊತ್ತು ಗೊತ್ತುಮಾಡುವ ಮಾತು. ಮನೆಯ ಯಂತ್ರದಲ್ಲಿ ಅದು ಯಜಮಾನನ ಹಕ್ಕು. ಯಾರಾದರೂ ಅರ್ಜಿ ತುಂಬುತ್ತಿರುವಾಗ ಪರದೆಯನ್ನು ಎಳೆದುಕೊಳ್ಳುವುದು ಯಾವ ಭದ್ರತೆಯ ಹೆಸರಿನಲ್ಲೂ ಸರಿಯಲ್ಲ. ಆದರೆ ಹಕ್ಕನ್ನು 'ನಂತರ', 'ನಂತರ' ಎಂದು ಮೂರು ವಾರ ತಳ್ಳಲು ಬಳಸಿದರೆ ಹೊತ್ತು ಗೊತ್ತುಮಾಡುವವರು ನಾವಾಗಿ ಉಳಿಯುವುದಿಲ್ಲ. ಯಂತ್ರ ಗೊತ್ತುಮಾಡುತ್ತದೆ, ಇಲ್ಲವೇ ಕಳ್ಳ ಗೊತ್ತುಮಾಡುತ್ತಾನೆ. ತಯಾರಕರೂ ಧಹ್ರಾನ್‌ನ ಪಾಠ ಕಲಿಯಬೇಕು. 'ಬಹಳ ಹೊತ್ತು' ಎಂಬಂಥ ಮಾತು ಬೇಡ. ಯಾವ ದೋಷಕ್ಕೆ ಈ ಅಪ್‌ಡೇಟ್, ಎಷ್ಟು ನಿಮಿಷ ಹಿಡಿಯುತ್ತದೆ, ಯಾವ ದಿನದೊಳಗೆ ಆಗಬೇಕು ಎಂದು ಮೂರು ಸಾಲಿನಲ್ಲಿ ಹೇಳಲಿ. ಹಾಗೆ ಹೇಳಿದರೆ ಯಾರೂ ಬೇಡವೆನ್ನುವುದಿಲ್ಲ.

ಅದು ಆಗುವವರೆಗೆ ಮನೆಯಲ್ಲಿ ನೀವು ಮಾಡಬಹುದಾದ ನಾಲ್ಕು ಕೆಲಸಗಳಿವೆ.

ಒಂದು, ವಾರಕ್ಕೊಂದು ಹೊತ್ತು ಗೊತ್ತುಮಾಡಿ. ಭಾನುವಾರ ಎಣ್ಣೆ ಸ್ನಾನದ ಹೊತ್ತಾದರೂ ಸರಿ. ಕಂಪ್ಯೂಟರಿಗೂ ಅದೇ ಸ್ನಾನ. ಬಾಕಿ ಇರುವ ಅಪ್‌ಡೇಟ್ ಹಾಕಿ, ರೀಸ್ಟಾರ್ಟ್ ಕೊಟ್ಟು ನೀವು ಸ್ನಾನಕ್ಕೆ ಹೋಗಿ. ಪರೀಕ್ಷೆಯ, ಅರ್ಜಿಯ ಕೊನೆಯ ದಿನ ಹತ್ತಿರವಿದ್ದರೆ ಎರಡು ದಿನ ಮೊದಲೇ ಮುಗಿಸಿಬಿಡಿ.

ಎರಡು, ವಿಂಡೋಸಿನ ಅಪ್‌ಡೇಟ್ ವಿಭಾಗದಲ್ಲಿ 'ಆ್ಯಕ್ಟಿವ್ ಅವರ್ಸ್' ಎಂದಿರುತ್ತದೆ. ನೀವು ಕಂಪ್ಯೂಟರ್ ಬಳಸುವ ಹೊತ್ತನ್ನು ಅಲ್ಲಿ ತಿಳಿಸಿದರೆ ಆ ಅವಧಿಯಲ್ಲಿ ಅದು ತಾನಾಗಿ ಮಲಗಿ ಏಳುವುದನ್ನು ತಪ್ಪಿಸುತ್ತದೆ. ರಾತ್ರಿ ಓದುವ ಮಕ್ಕಳ ಮನೆಯಲ್ಲಿ ರಾತ್ರಿಯ ಹೊತ್ತೂ ಅದರಲ್ಲಿ ಸೇರಿರಲಿ.

ಮೂರು, ಅಪ್‌ಡೇಟ್ ನಡೆಯುತ್ತಿರುವಾಗ ಸಿಟ್ಟಿನಿಂದ ಸ್ವಿಚ್ ಆರಿಸಬೇಡಿ. ಅರ್ಧ ಬದಲಾದ ಕಡತಗಳು ಉಳಿದು ಯಂತ್ರ ಏಳದೇ ಹೋಗಬಹುದು. ನಮ್ಮ ಊರುಗಳಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಮೇಜಿನ ಕಂಪ್ಯೂಟರ್ ಆದರೆ ಯುಪಿಎಸ್ ಸರಿಯಿರಲಿ.

ನಾಲ್ಕನೆಯದು ಅನೇಕರಿಗೆ ಗೊತ್ತಿಲ್ಲದ ಸಂಗತಿ. "ನಾವು ದಿನಾ ರಾತ್ರಿ ಶಟ್‌ಡೌನ್ ಮಾಡ್ತೀವಲ್ಲ, ಅದೇ ರೀಸ್ಟಾರ್ಟ್ ಅಲ್ವಾ?" ಎಂದು ಹುಡುಗಿಯ ತಂದೆಯೂ ಕೇಳಿದರು. ಅಲ್ಲ! 2012ರ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಬಂದಿದೆ. ಶಟ್‌ಡೌನ್ ಕೊಟ್ಟಾಗ ಕರ್ನೆಲ್ ಇದ್ದ ಸ್ಥಿತಿಯನ್ನೇ ಡಿಸ್ಕಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಬೇಗ ಏಳಲೆಂದು ಅದನ್ನೇ ಮರಳಿ ಮೇಜಿಗೆ ತರುತ್ತದೆ. ಆದ್ದರಿಂದ ಪೂರ್ತಿ ಹೊಸದಾಗಿ ಏಳಬೇಕಾದರೆ ರೀಸ್ಟಾರ್ಟ್ ಎಂದೇ ಕೊಡಬೇಕು. ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಕೆಳಗೆ 'ಅಪ್ ಟೈಮ್' ಎಂದಿರುತ್ತದೆ. ದಿನ, ಗಂಟೆ, ನಿಮಿಷ, ಸೆಕೆಂಡುಗಳ ಲೆಕ್ಕ ಅದು.

ಹುಡುಗಿಯ ಮನೆಯಲ್ಲಿ ನಾವು ಅದನ್ನು ತೆರೆದು ನೋಡಿದಾಗ ಹಿಂದಿನ ರಾತ್ರಿ ತಾನೇ ಎದ್ದಿದ್ದ ಯಂತ್ರ ಒಂಬತ್ತು ಗಂಟೆ ಎಂದು ತೋರಿಸಿತು. ನಮ್ಮ ಮನೆಗೆ ಬಂದು ನನ್ನದನ್ನು ತೆರೆದೆ. ಪ್ರತಿ ರಾತ್ರಿ ಶಿಸ್ತಾಗಿ ಶಟ್‌ಡೌನ್ ಮಾಡುವ, ಈ ಅಂಕಣ ಬರೆಯುವ ಪಂಡಿತನ ಕಂಪ್ಯೂಟರ್ ಅದು. ನಲವತ್ತೊಂದು ದಿನ ಎಂದಿತ್ತು. ಸುದ್ದಿ ಬೀದಿಯ ಕೊನೆಯ ಮನೆಗೆ ಹೋಗುವ ಮೊದಲೇ ಎಲ್ಲ ಕಡತಗಳನ್ನೂ ಉಳಿಸಿ, ರೀಸ್ಟಾರ್ಟ್ ಒತ್ತಿ, ಎಣ್ಣೆ ಬಟ್ಟಲು ಹಿಡಿದು ಬಚ್ಚಲಿಗೆ ನಡೆದೆ.